ಎಕ್ಸ್‌ಎಲ್, ಜುಪಿಟರ್, ಐಕ್ಯೂಬ್: ನಿಮಗೆ ಯಾವುದು?

ನಮ್ಮ ಹೊಸೂರಿನ ಟಿ.ವಿ.ಎಸ್. ಕಾರ್ಖಾನೆಯಿಂದ 1980ರಲ್ಲಿ ಇಬ್ಬರು ಕೂರುವ ಟಿ.ವಿ.ಎಸ್. 50 ಮೊಪೆಡ್ ಹೊರಬಂತು. ಇಂದು ಅದೇ ಕಂಪನಿಯ ಗಾಡಿಗಳು ಹಲವು. ಸಾಲ ಮಾಡಿ ಕೊಳ್ಳುವ ಮುಂಚೆ ಗಾಡಿಯ ಅಂದವನ್ನಲ್ಲ, ನಿಮ್ಮ ಕೆಲಸವನ್ನು ನೋಡಿ.

ತಳಿ, ಬಾಗಲೂರು ಕಡೆಯಿಂದ ಸೊಪ್ಪಿನ ಮೂಟೆ, ಹಾಲಿನ ಕ್ಯಾನು ಸಾಗಿಸುವವರಿಗೆ ಎಕ್ಸ್‌ಎಲ್ 100 ಸರಿ. ಎಂಜಿನ್ 99.7 ಸಿ.ಸಿ.; ಗೇರಿಲ್ಲ; ಮುಂದೆ ಮೂಟೆಗೆ ಜಾಗವಿದೆ; 16 ಇಂಚಿನ ಚಕ್ರ ಹಳ್ಳದಿಣ್ಣೆಗೆ ಒಗ್ಗುತ್ತದೆ. ಆದರೆ ವೇಗ ಕಡಿಮೆ. ಮನೆಯವರನ್ನು ಹಿಂದೆ ಕೂರಿಸಿಕೊಂಡು ಹೆದ್ದಾರಿ ಹಿಡಿಯುವವರಿಗೆ ಜುಪಿಟರ್ ಮೇಲು. 2024ರಲ್ಲಿ ಬಂದ ಹೊಸ ಜುಪಿಟರ್ 110ರ ಎಂಜಿನ್ 113.3 ಸಿ.ಸಿ., ಚಕ್ರ 12 ಇಂಚು. 2020ರಲ್ಲಿ ಬಂದ ಐಕ್ಯೂಬ್‌ಗೆ ಪೆಟ್ರೋಲೇ ಬೇಡ. ಬ್ಯಾಟರಿ ದೊಡ್ಡದಾದಷ್ಟೂ ಓಡುವ ದೂರ ಹೆಚ್ಚು, ಬೆಲೆಯೂ ಹೆಚ್ಚು. ದಿನಾ ಎಷ್ಟು ದೂರ ಓಡಾಡುತ್ತೀರಿ, ರಾತ್ರಿ ಕರೆಂಟು ನಿಲ್ಲುತ್ತದೆಯೇ ಎಂದು ಲೆಕ್ಕ ಹಾಕಿಯೇ ಅದನ್ನು ಆರಿಸಿ.

ಬ್ಯಾಂಕಿನಲ್ಲಿ ಲೆಡ್ಜರು ಬರೆದವನ ಮಾತೊಂದು ಬಾಕಿ ಇದೆ. "ಫ್ಲಾಟ್ 10 ಪರ್ಸೆಂಟ್" ಎಂಬ ಸಾಲ ಮೂರು ವರ್ಷದ ಕಂತಿನಲ್ಲಿ ನಿಜಕ್ಕೂ ಶೇಕಡಾ 18ರ ಹತ್ತಿರ ಬೀಳುತ್ತದೆ. ಏಕೆಂದರೆ ತೀರಿಸಿದ ಅಸಲಿಗೂ ಬಡ್ಡಿ ಕಟ್ಟುತ್ತಲೇ ಇರುತ್ತೀರಿ. ಉಳಿದ ಬಾಕಿಯ ಮೇಲೆ ಬಡ್ಡಿ ಎಷ್ಟು ಎಂದು ಕೇಳಿ, ಆಮೇಲೆ ರುಜು ಹಾಕಿ.