ಗೋವಾದ ಊಟದ ಹುಳಿ ತೆಂಗಿನ ತುದಿಯದು

ಶುಕ್ರವಾರ ರಾತ್ರಿ ಬೆಂಗಳೂರು, ಹುಬ್ಬಳ್ಳಿ, ಬೆಳಗಾವಿಗಳಿಂದ ಗೋವಾದತ್ತ ಹೊರಡುವ ಬಸ್ಸುಗಳಲ್ಲಿ ಗೆಳೆಯರ ಗುಂಪುಗಳಿಗೆ ಬರವಿಲ್ಲ. ಶನಿವಾರ ಮಧ್ಯಾಹ್ನ ಮೀನೂಟ, ಸಂಜೆ ಕಡಲ ದಂಡೆಯ ಚಪ್ಪರದ ಹೋಟೆಲಿನಲ್ಲಿ ತಣ್ಣನೆಯ ಬಿಯರು, ಭಾನುವಾರ ಬೆಳಿಗ್ಗೆ ಮತ್ತೆ ಸಮುದ್ರ, ರಾತ್ರಿ ವಾಪಸು ಪ್ರಯಾಣ. ಈಚಿನ ವರ್ಷಗಳಲ್ಲಿ ಈ ಪಟ್ಟಿಗೆ ಇನ್ನೊಂದು ಸೇರಿದೆ. 2018ರ ಸುಮಾರಿನಿಂದ ಗೋವಾದಲ್ಲಿಯೇ ಸಣ್ಣ ಪ್ರಮಾಣದಲ್ಲಿ ತಯಾರಾಗುವ ಬಗೆಬಗೆಯ ಬಿಯರುಗಳು ಬಂದಿವೆ. ‘ಸ್ಥಳೀಯ ಬಿಯರು, ಸ್ಥಳೀಯ ಊಟ’ ಎಂದು ಹುಡುಕಿಕೊಂಡು ಹೋಗುವವರು ಹೆಚ್ಚಾಗಿದ್ದಾರೆ.

ಆದರೆ ಬಿಯರಿಗೆ ಬೇಕಾದ ಬಾರ್ಲಿ ಕೊಂಕಣದ ಕರಾವಳಿಯ ಬೆಳೆಯಲ್ಲ. ಕಹಿ ಕೊಡುವ ಹಾಪ್ಸ್ ಹೂವಂತೂ ಚಳಿ ಪ್ರದೇಶದ್ದು. ಹಾಗಾದರೆ ಈ ನೆಲದಲ್ಲೇ ಹುಟ್ಟಿ, ಇಲ್ಲಿಯೇ ಹುಳಿಯುವ ಪೇಯ ಯಾವುದು? ಅದಕ್ಕೆ ಕಾರ್ಖಾನೆ ಬೇಡ, ಯಂತ್ರ ಬೇಡ. ಅದು ತಯಾರಾಗುವುದು ತೆಂಗಿನ ಮರದ ತುದಿಯಲ್ಲಿ, ಒಂದು ಮಣ್ಣಿನ ಮಡಕೆಯೊಳಗೆ. ನಾವು ಶೇಂದಿ, ಕಳ್ಳು ಎನ್ನುವ ಅದನ್ನು ಗೋವಾದ ಕೊಂಕಣಿಯಲ್ಲಿ ‘ಸೂರ್’ ಎನ್ನುತ್ತಾರೆ. ಇದು ಬರೀ ಕುಡುಕರ ಪಾನೀಯವಲ್ಲ. ಗೋವಾದ ರೊಟ್ಟಿ, ಮಾಂಸದ ಸಾರು, ಉಪ್ಪಿನಕಾಯಿ, ಸಿಹಿತಿಂಡಿಗಳವರೆಗೆ ಇದರ ಬೇರು ಹಬ್ಬಿದೆ.

ಮರದ ಮೇಲಿನ ಮಡಕೆ

ಶೇಂದಿ ಇಳಿಸುವವನಿಗೆ ಗೋವಾದಲ್ಲಿ ‘ರೆಂದೇರ್’ ಎಂದು ಹೆಸರು. ನಮ್ಮ ದಕ್ಷಿಣ ಕನ್ನಡ, ಉಡುಪಿಗಳಲ್ಲಿ ಇದೇ ಕಸುಬಿನವರನ್ನು ಮೂರ್ತೆದಾರರು ಎನ್ನುತ್ತಾರೆ. ಹೊಂಬಾಳೆ ಅರಳುವ ಮುನ್ನವೇ ಅದನ್ನು ಬಿಗಿಯಾಗಿ ಕಟ್ಟಿ, ಮೆಲ್ಲನೆ ಬಡಿದು ಹದಗೊಳಿಸಿ, ತುದಿಯನ್ನು ತೆಳ್ಳಗೆ ಕೆತ್ತುತ್ತಾರೆ. ಗಾಯದಿಂದ ಜಿನುಗುವ ರಸ ಕೆಳಗೆ ಕಟ್ಟಿದ ಮಡಕೆಗೆ ಹನಿಹನಿಯಾಗಿ ಬೀಳುತ್ತದೆ. ಬೆಳಿಗ್ಗೆ ಮತ್ತು ಸಂಜೆ ರಸ ಇಳಿಸಬೇಕು. ನಡುವೆ ಮಧ್ಯಾಹ್ನ ಮತ್ತೊಮ್ಮೆ ಏರಿ ಹೊಂಬಾಳೆ ಕೆತ್ತಬೇಕು. ಹೀಗೆ ಒಂದೊಂದು ಮರವನ್ನೂ ದಿನಕ್ಕೆ ಮೂರು ಬಾರಿ ಹತ್ತಿ ಇಳಿಯುವುದು ಹಳೆಯ ಕ್ರಮ. ಮಳೆಗಾಲದಲ್ಲಿ ಜಾರುವ ಕಾಂಡದ ಮೇಲೂ ಇದು ತಪ್ಪುವುದಿಲ್ಲ. ರಸ ಕೊಟ್ಟ ಹೊಂಬಾಳೆ ಕಾಯಿ ಬಿಡುವುದಿಲ್ಲವಾದ್ದರಿಂದ ತೋಟದ ಒಡೆಯನಿಗೂ ಇದು ಲೆಕ್ಕಾಚಾರದ ವಿಷಯ.

ಆಗತಾನೆ ಇಳಿಸಿದ ರಸ ಸಿಹಿ. ಆದರೆ ಗಾಳಿಯಲ್ಲಿ, ಮಡಕೆಯಲ್ಲಿ ಇರುವ ಯೀಸ್ಟ್ ಎಂಬ ಸೂಕ್ಷ್ಮಜೀವಿಗಳು ತಡಮಾಡುವುದಿಲ್ಲ. ರಸದ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತವೆ. ಕೆಲವೇ ಗಂಟೆಗಳಲ್ಲಿ ರಸ ನೊರೆಯೆದ್ದು ಅಮಲಿನ ಪೇಯವಾಗುತ್ತದೆ. ಇನ್ನೂ ಬಿಟ್ಟರೆ ಬೇರೊಂದು ಬಗೆಯ ಬ್ಯಾಕ್ಟೀರಿಯಾಗಳು ಮದ್ಯಸಾರವನ್ನು ಆಮ್ಲವಾಗಿಸುತ್ತವೆ, ಅದೇ ವಿನೆಗರ್. ಹುಳಿಯದ ರಸವನ್ನು ಕುದಿಸಿ ಬತ್ತಿಸಿದರೆ ಕಪ್ಪು ಬೆಲ್ಲ. ಹುಳಿತದ್ದನ್ನು ಭಟ್ಟಿ ಇಳಿಸಿದರೆ ತೆಂಗಿನ ಫೆನಿ. ಒಂದೇ ಮಡಕೆಯ ರಸ, ಹೊತ್ತು ಸರಿದಂತೆ ನಾಲ್ಕು ದಾರಿ ಹಿಡಿಯುತ್ತದೆ.

ರೊಟ್ಟಿ ಉಬ್ಬಿದ ಬಗೆ

ಪೋರ್ಚುಗೀಸರು ಗೋವಾವನ್ನು ವಶಪಡಿಸಿಕೊಂಡದ್ದು 1510ರಲ್ಲಿ. ಅನ್ನ ತಿನ್ನುವ ನಾಡಿಗೆ ಬಂದ ಅವರಿಗೆ ಗೋಧಿಯ ರೊಟ್ಟಿಯಿಲ್ಲದೆ ಊಟ ಸೇರುತ್ತಿರಲಿಲ್ಲ. ಚರ್ಚಿನ ಪೂಜೆಗೂ ಗೋಧಿ ಬೇಕಿತ್ತು. ಗೋಧಿಯನ್ನೇನೋ ತರಿಸಬಹುದು, ಹಿಟ್ಟನ್ನು ಉಬ್ಬಿಸುವುದು ಹೇಗೆ? ಉತ್ತರ ತೆಂಗಿನ ಮರದಲ್ಲಿತ್ತು. ನೊರೆಯೇಳುವ ಸೂರ್ ಬೆರೆಸಿ ನಾದಿದ ಹಿಟ್ಟು ರಾತ್ರಿ ಕಳೆಯುವುದರೊಳಗೆ ಉಬ್ಬಿತು. ಸಾಲ್‌ಸೆಟ್ ತಾಲ್ಲೂಕಿನ ಮಜೋರ್ಡಾದ ಜನರು ಜೆಸ್ಯೂಟ್ ಪಾದ್ರಿಗಳಿಂದ ಮೊದಲು ಈ ವಿದ್ಯೆ ಕಲಿತರೆಂಬುದು ಗೋವಾದಲ್ಲಿ ಪ್ರಚಲಿತವಿರುವ ಮಾತು.

ಬೇಕರಿಯವನು ಇಲ್ಲಿ ‘ಪೊದೇರ್’. ಪೋರ್ಚುಗೀಸರ ‘ಪದೇಯ್ರು’ ಎಂಬ ಪದ ಕೊಂಕಣಿಯ ಬಾಯಲ್ಲಿ ಹೀಗಾಯಿತು. ನಮ್ಮ ಪಾವ್ ಕೂಡ ಅದೇ ಭಾಷೆಯಿಂದ ಬಂದದ್ದು. ತೌಡು ಬೆರೆತ, ಒಳಗೆ ಪೊಳ್ಳಾದ ಪೊಯಿ, ಗುಂಡನೆಯ ಗಟ್ಟಿ ಉಂಡೊ, ಬಳೆಯಾಕಾರದ ಕಾಂಕಣ್ ಹೀಗೆ ರೊಟ್ಟಿಯಲ್ಲಿ ಹಲವು ಬಗೆ. ಬೆಳಗಿನ ಜಾವ ಮತ್ತು ಸಂಜೆ ಬಿದಿರ ಬುಟ್ಟಿ ಹೊತ್ತ ಸೈಕಲ್ಲಿನ ಹಾರನ್ನು ಕೇಳಿಸಿದರೆ ಪೊದೇರ್ ಬಂದನೆಂದೇ ಅರ್ಥ. ಆದರೆ ಅವನ ಒಲೆಯ ಕತೆ ಬದಲಾಗಿದೆ. ಬಹುಪಾಲು ಬೇಕರಿಗಳಲ್ಲಿ ಈಗ ಸೂರ್ ಬದಲು ಅಂಗಡಿಯ ಯೀಸ್ಟ್ ಬಳಕೆಯಾಗುತ್ತಿದೆ. ಹಳೆಯ ಮನೆತನಗಳ ಮಕ್ಕಳು ಬೇರೆ ಉದ್ಯೋಗ ಹಿಡಿದ ಮೇಲೆ ಅನೇಕ ಒಲೆಗಳನ್ನು ನಡೆಸುತ್ತಿರುವವರು ಕರ್ನಾಟಕ ಮೊದಲಾದ ಹೊರರಾಜ್ಯಗಳಿಂದ ಬಂದವರು. ಗೋವಾದ ಪೊಯಿಯನ್ನು ಮೆಚ್ಚಿ ತಿನ್ನುವ ಕನ್ನಡದ ಪ್ರವಾಸಿಗೆ ಅದನ್ನು ಸುಟ್ಟ ಕೈ ತನ್ನ ನಾಡಿನದೇ ಇರಬಹುದೆಂಬುದು ತಿಳಿದಿರುವುದಿಲ್ಲ.

ವೈನಿನ ಜಾಗದಲ್ಲಿ ವಿನೆಗರ್

ವಿಂದಾಲೂ ಎಂದರೆ ಹೆಸರಿನಲ್ಲಿ ಆಲೂ ಇದೆ ಎಂದುಕೊಂಡು ಅನೇಕ ಹೋಟೆಲುಗಳಲ್ಲಿ ಅದಕ್ಕೆ ಆಲೂಗಡ್ಡೆ ಹಾಕುವುದುಂಟು. ಅಸಲಿಗೆ ಅದು ವೈನು ಮತ್ತು ಬೆಳ್ಳುಳ್ಳಿಯಲ್ಲಿ ನೆನೆಸಿದ ಮಾಂಸಕ್ಕೆ ಪೋರ್ಚುಗೀಸರು ಇಟ್ಟ ಹೆಸರಿನ ಅಪಭ್ರಂಶ. ‘ವಿನ್ಯು’ ಎಂದರೆ ವೈನು, ‘ಆಲ್ಯು’ ಎಂದರೆ ಬೆಳ್ಳುಳ್ಳಿ. ಗೋವಾದಲ್ಲಿ ವೈನಿನ ಜಾಗವನ್ನು ಶೇಂದಿಯ ವಿನೆಗರ್ ತುಂಬಿತು. ಅಮೆರಿಕ ಖಂಡದಿಂದ ಬಂದ ಮೆಣಸಿನಕಾಯಿ ಬಣ್ಣವನ್ನೂ ಖಾರವನ್ನೂ ಕೊಟ್ಟಿತು. ಹಂದಿಮಾಂಸದ ಸೊರ್ಪೊತೆಲ್, ಸಿಗಡಿಯ ಬಾಲ್ಶಾಂವ್, ಬಂಗುಡೆಯ ಹೊಟ್ಟೆಯೊಳಗೆ ತುಂಬುವ ರೆಶಾದ್ ಮಸಾಲೆ, ಇವೆಲ್ಲದರ ಹುಳಿಯೂ ಅದೇ. ಫ್ರಿಜ್ ಇಲ್ಲದ ಕಾಲದಲ್ಲಿ ಮಾಂಸ, ಮೀನು ಕೆಡದಂತೆ ಉಳಿಸುತ್ತಿದ್ದುದೂ ಈ ವಿನೆಗರೇ. ಕೊಂಕಣಿ ಹಿಂದೂ ಮನೆಗಳ ದಾರಿ ಬೇರೆ. ಅಲ್ಲಿ ಮೀನಿನ ಸಾರಿಗೆ ಹುಳಿ ಕೊಡುವುದು ಮುರುಗಲ ಸಿಪ್ಪೆ ಅಥವಾ ಹುಣಸೆ. ಒಂದೇ ಊರಿನ ಎರಡು ಅಡುಗೆಗಳನ್ನು ನಾಲಗೆ ಗುರುತಿಸುವುದು ಹುಳಿಯಿಂದಲೇ.

ಅಕ್ಕಿ ಹಿಟ್ಟಿಗೆ ಸೂರ್ ಬೆರೆಸಿ ಹಬೆಯಲ್ಲಿ ಬೇಯಿಸಿದ ಸನ್ನ ಇಡ್ಲಿಯ ಬಂಧು. ಗೋವಾದಿಂದ ಶತಮಾನಗಳ ಹಿಂದೆ ದಕ್ಷಿಣಕ್ಕೆ ವಲಸೆ ಬಂದ ಕ್ರೈಸ್ತರೊಡನೆ ಸನ್ನ ಮಂಗಳೂರಿಗೂ ಬಂದಿತು. ಹಂದಿಮಾಂಸದ ಸಾರಿನ ಜೊತೆ ಅದು ಇಂದಿಗೂ ಅಲ್ಲಿನ ಮನೆಗಳ ಹಬ್ಬದೂಟ. ಕ್ರಿಸ್‌ಮಸ್ ಕಾಲದ ದೊದೊಲ್ ಎಂಬ ಹಲ್ವದ ಕಪ್ಪು ಬಣ್ಣಕ್ಕೆ ತೆಂಗಿನ ರಸದ ಬೆಲ್ಲವೇ ಕಾರಣ.

ಗೇರಿಗೆ ಸಿಕ್ಕ ಹೆಸರು

ಪ್ರವಾಸಿಗರಿಗೆ ಗೋವಾದ ಮದ್ಯ ಎಂದರೆ ಗೇರು ಫೆನಿ. ಗೇರು ಗಿಡ ಪೋರ್ಚುಗೀಸರೊಡನೆ ಬ್ರೆಜಿಲಿನಿಂದ ಬಂದದ್ದು ಹದಿನಾರನೆಯ ಶತಮಾನದಲ್ಲಿ; ತೆಂಗು ಅದಕ್ಕೂ ಮೊದಲಿನಿಂದ ಇಲ್ಲಿತ್ತು. ಬೇಸಿಗೆಯಲ್ಲಿ ಮಾಗಿ ಉದುರಿದ ಹಣ್ಣುಗಳನ್ನು ತುಳಿದು ರಸ ತೆಗೆದು, ಎರಡು ಮೂರು ದಿನ ಹುಳಿಯಲು ಬಿಟ್ಟು ಭಟ್ಟಿ ಇಳಿಸುತ್ತಾರೆ. ಮೊದಲ ಬಾರಿಗೆ ಇಳಿದದ್ದು ಹಗುರವಾದ ಉರ್ರಾಕ್. ಅದನ್ನು ಮತ್ತೆ ಇಳಿಸಿದರೆ ಫೆನಿ. 2009ರಲ್ಲಿ ಗೇರು ಫೆನಿಗೆ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಫೆನಿಯನ್ನು ಬಾಟಲಿಗೆ ತುಂಬಿ ವರ್ಷಗಟ್ಟಲೆ ಇಡಬಹುದು, ದೂರದ ಊರಿಗೆ ಕಳುಹಿಸಬಹುದು. ಸೂರ್‌ಗೆ ಆ ಭಾಗ್ಯವಿಲ್ಲ. ಬೆಳಿಗ್ಗೆ ಇಳಿದದ್ದು ಸಂಜೆಗೆ ಬೇರೆಯೇ ವಸ್ತು. ಮಾರುಕಟ್ಟೆಗೆ ಒಗ್ಗದ ಈ ಗುಣವೇ ಅದನ್ನು ಹಿಂದಕ್ಕೆ ತಳ್ಳಿತು.

ಏರುವವರು ಯಾರು?

ಮರಗಳಿಗೆ ಕೊರತೆಯಿಲ್ಲ, ಏರುವವರಿಗೆ ಕೊರತೆ. ಕೈಕಾಲು ಮುರಿಯುವ ಭಯ, ದಿನಕ್ಕೆ ಮೂರು ಹೊತ್ತಿನ ದುಡಿಮೆ, ಒಂದು ದಿನವೂ ಬಿಡುವಿಲ್ಲದ ಕಸುಬು. ರೆಂದೇರ್ ಮನೆಗಳ ಮಕ್ಕಳು ಓದಿ ಹಡಗಿನ ನೌಕರಿಗೆ, ಕೊಲ್ಲಿ ದೇಶಗಳಿಗೆ, ಹೋಟೆಲುಗಳಿಗೆ ಹೋದರು. ಅವರನ್ನು ದೂರುವಂತಿಲ್ಲ. ಆದರೆ ಒಬ್ಬ ರೆಂದೇರ್ ಮರ ಇಳಿದು ಕತ್ತಿ ಬದಿಗಿಟ್ಟರೆ ಆ ವಾಡೆಯ ಸನ್ನಕ್ಕೆ, ವಿನೆಗರಿಗೆ, ಬೆಲ್ಲಕ್ಕೆ ಒಟ್ಟಿಗೇ ತತ್ವಾರ.

ಮರದ ಮಾನವೂ ಒಮ್ಮೆ ಅಲುಗಾಡಿತ್ತು. 2016ರಲ್ಲಿ ಕಾನೂನಿಗೆ ತಿದ್ದುಪಡಿ ತಂದ ಗೋವಾ ಸರ್ಕಾರ, ಕೊಂಬೆಗಳಿಲ್ಲದ ತೆಂಗನ್ನು ‘ಮರ’ ಎಂಬ ವ್ಯಾಖ್ಯೆಯಿಂದಲೇ ಹೊರಗಿಟ್ಟಿತು. ಕಡಿಯಲು ಅನುಮತಿ ಬೇಡವೆಂದಾದಾಗ ಜನರಿಂದ ತೀವ್ರ ವಿರೋಧ ಬಂದಿತು. 2017ರಲ್ಲಿ ಹೊಸ ಸರ್ಕಾರ ತೆಂಗಿಗೆ ಮರದ ಸ್ಥಾನವನ್ನು ಮರಳಿ ಕೊಟ್ಟು, ರಾಜ್ಯದ ಮರವೆಂದೂ ಘೋಷಿಸಿತು. ಕಡಿಯುವುದನ್ನು ಕಾನೂನು ತಡೆಯಬಲ್ಲದು, ಏರುವವರನ್ನು ಹುಟ್ಟಿಸಲಾರದು.

ವಾರಾಂತ್ಯಕ್ಕೆ ಹೋದ ಗೆಳೆಯರು ಸಂಜೆಯ ಬಿಯರನ್ನು ಬಿಡಬೇಕಾಗಿಲ್ಲ. ಬೆಳಿಗ್ಗೆ ತುಸು ಬೇಗ ಎದ್ದು, ಕಡಲ ದಂಡೆ ಬಿಟ್ಟು ಒಳಗಿನ ಹಳ್ಳಿಗಳತ್ತ ನಡೆದರೆ, ಸೂರ್ ಹಾಕಿ ಉಬ್ಬಿಸಿದ ಸನ್ನವೋ ಮನೆಯ ವಿನೆಗರಿನಲ್ಲಿ ಮಾಡಿದ ಸೊರ್ಪೊತೆಲೋ ಎಲ್ಲಿ ಸಿಗುತ್ತದೆಂದು ಕೇಳಬಹುದು. ಕೇಳಿ ಕೊಳ್ಳುವ ಗಿರಾಕಿಗಳಿದ್ದರೆ ಉಳಿದಿರುವ ರೆಂದೇರ್‌ಗಳ ಮಡಕೆಗೂ ಬೆಲೆ ಬಂದೀತು.