ಕೇಳಿದ್ದನ್ನು ಮತ್ತೆ ಹೇಳುವ ಯಂತ್ರ

1993ನೆಯ ಇಸವಿ ಸೆಪ್ಟೆಂಬರ್ 30ರ ನಸುಕಿನಲ್ಲಿ, ನಮ್ಮ ಜಿಲ್ಲೆಗೆ ಹೊಂದಿಕೊಂಡಿರುವ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಮಿ ನಡುಗಿ ಸಹಸ್ರಾರು ಜನರು ಅಸುನೀಗಿದರು. ಆ ದುರಂತದ ಸುದ್ದಿಯನ್ನು ಮೊದಮೊದಲು ಹೊರಗೆ ಮುಟ್ಟಿಸಿದವರಲ್ಲಿ ಹವ್ಯಾಸಿ ರೇಡಿಯೋಗಾರರೂ ಇದ್ದರು. 'ಹ್ಯಾಮ್' ಎಂದು ಹೆಸರಾದ ಇವರು ಸರಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, ಪರವಾನಗಿ ಪಡೆದು, ಲಾಭದ ಆಸೆಯಿಲ್ಲದೆ ರೇಡಿಯೋದಲ್ಲಿ ಮಾತನಾಡುವವರು. ಅಂಥ ದಿನವೊಂದು ಮತ್ತೆ ಬಂದು ಟೆಲಿಫೋನುಗಳೆಲ್ಲ ಮೂಕವಾದರೆ, ಬೀದರದ ಗಾಂಧಿ ಗಂಜಿನಿಂದ ಭಾಲ್ಕಿಗೂ ಔರಾದಿಗೂ ಮಾತು ಹೇಗೆ ಮುಟ್ಟೀತು? ಕಲಾ ವಿಭಾಗದ ವಿದ್ಯಾರ್ಥಿಯಾದರೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಓದಿ ತಿಳಿದುಕೊಂಡಷ್ಟನ್ನು ಸಹಪಾಠಿಗಳ ಮುಂದಿಡುತ್ತೇನೆ.

ಹ್ಯಾಮ್‌ಗಳು ಕೈಯಲ್ಲಿ ಹಿಡಿದು ಮಾತನಾಡುವ ಸೆಟ್ಟುಗಳು ನಮ್ಮ ದೇಶದಲ್ಲಿ ಹೆಚ್ಚಾಗಿ 144ರಿಂದ 146 ಮೆಗಾಹರ್ಟ್ಸ್‌ವರೆಗಿನ ಅಲೆಗಳನ್ನು ಬಳಸುತ್ತವೆ. ಈ ಅಲೆಗಳು ಬಹುಮಟ್ಟಿಗೆ ನೇರವಾಗಿ ಸಾಗುತ್ತವೆ, ಭೂಮಿಯಾದರೋ ಗುಂಡಗಿದೆ. ಏರಿಯಲ್ಲಿನ ಎತ್ತರವನ್ನು ಮೀಟರುಗಳಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ, ಅಲೆ ಮುಟ್ಟುವ ದೂರ ಕಿಲೋಮೀಟರುಗಳಲ್ಲಿ ದೊರೆಯುತ್ತದೆ. ಒಂದೂವರೆ ಮೀಟರ್ ಎತ್ತರದಲ್ಲಿ ಹಿಡಿದ ಸೆಟ್ಟಿಗೆ ಇದು 5 ಕಿಲೋಮೀಟರ್. ಅಂಥ ಇಬ್ಬರ ನಡುವೆ 10. ಭಾಲ್ಕಿ, ಔರಾದಗಳಾದರೋ ಬೀದರದಿಂದ ನೇರ ಗೆರೆಯಲ್ಲೇ ಮೂವತ್ತೈದು ನಲವತ್ತು ಕಿಲೋಮೀಟರ್ ದೂರ. ಆದರೆ ನಮ್ಮ ಊರು ಜಂಬಿಟ್ಟಿಗೆಯ ಪೀಠಭೂಮಿಯ ಮೇಲಿದೆ. ಕೆಳಗಿನ ಬಯಲಿಗಿಂತ 100 ಮೀಟರ್ ಎತ್ತರದಲ್ಲಿ ಒಂದು ಏರಿಯಲ್ಲನ್ನು ನಿಲ್ಲಿಸಿದರೆ, ಅದಕ್ಕೂ ಕೈಸೆಟ್ಟಿಗೂ ನಡುವಿನ ದೂರ 46 ಕಿಲೋಮೀಟರ್ ಆಗಬಹುದು. ನಡುವೆ ಗುಡ್ಡ ಅಡ್ಡ ಬರಬಾರದು, ಅಷ್ಟೆ.

ಆ ಎತ್ತರದಲ್ಲಿ ಕುಳಿತು, ಒಬ್ಬನ ಮಾತನ್ನು ಕೇಳಿ, ಆ ಕ್ಷಣದಲ್ಲೇ ಎಲ್ಲರಿಗೂ ಗಟ್ಟಿಯಾಗಿ ಹೇಳುವ ಯಂತ್ರವೇ ರಿಪೀಟರ್, ಎಂದರೆ ಪುನಃಪ್ರಸಾರಕ. ಗಂಜಿನಲ್ಲಿ ಚೀಲಗಳ ರಾಶಿಯ ಮೇಲೆ ನಿಂತ ಹಮಾಲನೊಬ್ಬನು ಬಂಡಿಯವನ ಮಾತನ್ನು ಅಂಗಡಿಯೊಳಗಿನವರಿಗೆ ಕೂಗಿ ತಿಳಿಸುವಂತೆ ಇದರ ಕೆಲಸ.

ಇದನ್ನು ಹೊಸದಾಗಿ ಕೊಳ್ಳುವುದು ದುಬಾರಿ. ಆದ್ದರಿಂದ ಅನೇಕ ಹ್ಯಾಮ್‌ಗಳು ಕಂಪನಿಗಳು ಬಳಸಿ ಬಿಟ್ಟ ವಾಹನದ ಸೆಟ್ಟುಗಳನ್ನು ತಂದು ಮಾರ್ಪಡಿಸುತ್ತಾರೆ. ಮೋಟರೋಲಾ ಜಿಎಂ 300 ಎಂಬುದು ಇದಕ್ಕೆ ಹೆಸರಾದ ಸೆಟ್ಟು. ಎರಡು ಸೆಟ್ಟುಗಳು ಬೇಕು: ಒಂದು ಕೇಳುವುದಕ್ಕೆ, ಇನ್ನೊಂದು ಹೇಳುವುದಕ್ಕೆ. ಸೆಟ್ಟಿನ ಹಿಂಬದಿಯಲ್ಲಿ 16 ಸೂಜಿಗಳ ಒಂದು ಜೋಡಣೆಯಿದೆ. ಕೇಳುವ ಸೆಟ್ಟಿನಿಂದ ಹೊರಬರುವ ಧ್ವನಿಯನ್ನು ಹೇಳುವ ಸೆಟ್ಟಿನ ಮೈಕಿನ ದಾರಿಗೆ ಕೂಡಿಸಬೇಕು. ಅಲೆ ಬಂದಿದೆಯೆಂಬ ಸಂಕೇತವು ಮಾತಿನ ಗುಂಡಿಯನ್ನು ಒತ್ತುವಂತೆ ಮಾಡಬೇಕು. ಬಳಿಕ ಕಂಪ್ಯೂಟರಿನ ಮೂಲಕ ಎರಡಕ್ಕೂ ಹವ್ಯಾಸಿಗಳ ಆವೃತ್ತಿಗಳನ್ನು ತುಂಬಬೇಕು. ಉದಾಹರಣೆಗೆ, 145.000 ಮೆಗಾಹರ್ಟ್ಸ್‌ನಲ್ಲಿ ಕೇಳಿ 145.600ರಲ್ಲಿ ಹೇಳುವುದು. ವಾಹನದ ಸೆಟ್ಟು ಆಗಾಗ ಎರಡು ಮಾತಾಡಲು ಮಾಡಿದ್ದು; ಸತತವಾಗಿ ಹೇಳತೊಡಗಿದರೆ ಕಾಯುತ್ತದೆ. ಆದುದರಿಂದ ಅದರ ಶಕ್ತಿಯನ್ನು 20 ವ್ಯಾಟಿನಷ್ಟಕ್ಕೆ ಇಳಿಸಿ, ಗಾಳಿ ಬೀಸಲು ಒಂದು ಪಂಖಾ ಕೂಡಿಸುವುದು ಜಾಣತನ.

ಇಷ್ಟಾದರೆ ಮುಗಿಯಿತೆಂದು ನಾನೂ ಮೊದಲು ತಿಳಿದಿದ್ದೆ. ನಿಜವಾದ ತೊಡಕು ಇರುವುದು ಮುಂದೆ. ತಾನೇ ಕೂಗುತ್ತಿರುವವನು ಪಿಸುಮಾತನ್ನು ಕೇಳಬಲ್ಲನೇ? ಹೇಳುವ ಸೆಟ್ಟಿನ 20 ವ್ಯಾಟು, ಕೇಳುವ ಸೆಟ್ಟು ಗುರುತಿಸಬಲ್ಲ ಅತಿ ಕ್ಷೀಣವಾದ ಅಲೆಯ ಕೋಟಿ ಕೋಟಿಯ ನೂರು ಪಟ್ಟಿಗೂ ಮಿಗಿಲು. ಎರಡು ಆವೃತ್ತಿಗಳ ಅಂತರವೋ ನೂರಕ್ಕೆ ಅರ್ಧ ಪಾಲೂ ಇಲ್ಲ! ಒಂದೇ ಏರಿಯಲ್ಲಿನಿಂದ ಎರಡೂ ಕೆಲಸ ನಡೆಯಬೇಕಾದರೆ ಡುಪ್ಲೆಕ್ಸರ್ ಬೇಕು. ಇದು ಅರ್ಧ ಮೀಟರಿಗೂ ಮಿಕ್ಕ ಉದ್ದದ ಲೋಹದ ಡಬ್ಬಿಗಳ ಸಾಲು. ಪ್ರತಿಯೊಂದನ್ನೂ ತಂಬೂರಿಯ ತಂತಿಯಂತೆ ಶ್ರುತಿ ಮಾಡಿದಾಗ, ಬೇಕಾದ ಅಲೆಗೆ ದಾರಿ ಬಿಟ್ಟು ಬೇಡವಾದುದನ್ನು ತಡೆಯುತ್ತದೆ. ಹಳೆಯ ಸಾಮಾನಿನ ಜೊತೆ ಸಿಗುವ ಸಣ್ಣ ಡುಪ್ಲೆಕ್ಸರುಗಳು ಸಾಮಾನ್ಯವಾಗಿ ನಾಲ್ಕೈದು ಮೆಗಾಹರ್ಟ್ಸ್ ಅಂತರಕ್ಕೆ ಮಾಡಿದಂಥವು; 0.6ರ ಅಂತರಕ್ಕೆ ಅವು ಸಾಲವು. ಅಗ್ಗವೆಂದು ಕೊಂಡು ಮೋಸಹೋಗಬಾರದು.

ಹಳೆಯ ಸೆಟ್ಟಿನ ದೊಡ್ಡ ಗುಣವೆಂದರೆ ಅದು ಲಾರಿಯ 12 ವೋಲ್ಟಿನ ಬ್ಯಾಟರಿಯ ಮೇಲೆ ನಡೆಯುತ್ತದೆ. ಊರಿನ ವಿದ್ಯುತ್ತು ಹೋದರೂ ಅದು ಬಾಯಿ ಮುಚ್ಚುವುದಿಲ್ಲ. ಆದರೆ ಬ್ಯಾಟರಿಗೆ ನೀರು ಹಾಕುವವರಾರು? ಸಿಡಿಲು ಬಡಿದ ಮೇಲೆ ಏರಿಯಲ್ಲನ್ನು ನೋಡುವವರಾರು? ಸರಕಾರದ ಅನುಮತಿಯಿಲ್ಲದೆ ಇಂಥ ಯಂತ್ರವನ್ನು ನಿಲ್ಲಿಸಕೂಡದು. ಪರವಾನಗಿಯಿಲ್ಲದವನು ಅದರಲ್ಲಿ ಮಾತನಾಡಲೂ ಬಾರದು. ಎಂದಮೇಲೆ ಮೊದಲು ಬೇಕಾದುದು ಯಂತ್ರವಲ್ಲ, ಪರೀಕ್ಷೆಗೆ ಕುಳಿತುಕೊಳ್ಳುವ ನಾಲ್ಕು ಜನ. ಆ ಪರೀಕ್ಷೆಗೆ ವಿಜ್ಞಾನದ ಪದವಿ ಬೇಕಿಲ್ಲ. ಹನ್ನೆರಡು ವರ್ಷ ತುಂಬಿದ ಬಾಲಕರೂ ಕುಳಿತುಕೊಳ್ಳಬಹುದು. ನಾನು ಓದಲು ಆರಂಭಿಸಿದ್ದೇನೆ. ಗೆಳೆಯರೇ, ಇನ್ನು ಮೂವರು ಬರುವಿರಾ?