ವಕೀಲರ ಮೇಲಣ ದೂರಿಗೆ ದಾರಿ ಯಾವುದು?

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ಊರುಗಳ ನ್ಯಾಯಾಲಯಗಳ ಮುಂದೆ ಕಾದು ನಿಲ್ಲುವವರಲ್ಲಿ ಬಹುಮಂದಿ ಹೊಲಗದ್ದೆಗಳ ಪಾಲು, ಭೂಮಿಯ ಪರಿಹಾರಧನ, ಸಾಲಸೋಲ ಮೊದಲಾದ ವ್ಯಾಜ್ಯಗಳಿಗೆ ಸಿಕ್ಕಿದ ಗೃಹಸ್ಥರು. ಕಾನೂನನ್ನರಿಯದ ಇವರಿಗೆ ವಕೀಲರೇ ಕಣ್ಣು, ವಕೀಲರೇ ಬಾಯಿ. ಹೆಚ್ಚಿನವರು ಆ ನಂಬಿಕೆಗೆ ತಕ್ಕವರೇ ಆಗಿರುವರು. ಆದರೆ ಎಲ್ಲಿಯೋ ಒಬ್ಬರು ಹಣವನ್ನು ತೆಗೆದುಕೊಂಡು ದಾವೆಯನ್ನೇ ಹೂಡದೆ, ವಾಯಿದೆ ಮೀರಿದ ಮೇಲೆ ಕಾಗದಪತ್ರಗಳನ್ನೂ ಹಿಂದಿರುಗಿಸದೆ ಹೋದರೆ ಕಕ್ಷಿಗಾರನು ಯಾರಲ್ಲಿ ಮೊರೆಯಿಡಬೇಕು?

ಊರಿನ ವಕೀಲರ ಸಂಘದ ಅಧ್ಯಕ್ಷರಲ್ಲಿಗೆ ಹೋಗಬೇಕೆಂದು ಅನೇಕರು ತಿಳಿದಿರುವರು. ಅಧ್ಯಕ್ಷರು ಬುದ್ಧಿ ಹೇಳಬಲ್ಲರು, ರಾಜಿ ಮಾಡಿಸಬಲ್ಲರು. ಸನ್ನದನ್ನು ಮುಟ್ಟುವ ಅಧಿಕಾರ ಅವರಿಗಿಲ್ಲ. ಅದು 1961ರ ವಕೀಲರ ಕಾಯಿದೆಯ 35ನೆಯ ಪ್ರಕರಣದ ಮೇರೆಗೆ, ಬೆಂಗಳೂರಿನಲ್ಲಿರುವ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿಗೆ ಸೇರಿದುದು. ದೂರಿನಲ್ಲಿ ಹುರುಳಿದೆಯೆಂದು ತೋರಿದರೆ ಪರಿಷತ್ತು ಅದನ್ನು ಮೂವರ ಶಿಸ್ತುಸಮಿತಿಗೆ ಒಪ್ಪಿಸುವುದು. ಸಮಿತಿಗೆ ಸಾಕ್ಷಿಗಳನ್ನು ಕರೆಸುವುದಕ್ಕೂ ದಸ್ತಾವೇಜುಗಳನ್ನು ತರಿಸುವುದಕ್ಕೂ ಸಿವಿಲ್ ನ್ಯಾಯಾಲಯದಷ್ಟೇ ಅಧಿಕಾರವುಂಟು. ಅದು ದೂರನ್ನು ವಜಾ ಮಾಡಬಹುದು, ವಕೀಲರಿಗೆ ಛೀಮಾರಿ ಹಾಕಬಹುದು, ಕೆಲವು ಕಾಲ ವೃತ್ತಿಯಿಂದ ತಡೆಯಬಹುದು, ಅಥವಾ ಪಟ್ಟಿಯಿಂದ ಹೆಸರನ್ನೇ ತೆಗೆದುಹಾಕಬಹುದು. ಒಂದು ವರ್ಷದೊಳಗೆ ವಿಚಾರಣೆ ಮುಗಿಯದಿದ್ದರೆ ಕಡತವು ಭಾರತೀಯ ವಕೀಲರ ಪರಿಷತ್ತಿಗೆ ಹೋಗತಕ್ಕದ್ದು. ತೀರ್ಪು ಒಪ್ಪಿಗೆಯಾಗದವರು 60 ದಿನಗಳೊಳಗೆ ಅಲ್ಲಿಗೇ ಮೇಲ್ಮನವಿ ಸಲ್ಲಿಸಬಹುದು. ಅದಕ್ಕೂ ಮೇಲೆ ಸರ್ವೋಚ್ಚ ನ್ಯಾಯಾಲಯವಿದೆ.

ಈ ಮೆಟ್ಟಿಲುಗಳು ಬರಿಯ ತೋರಿಕೆಯವಲ್ಲವೆಂಬುದಕ್ಕೆ ರಾಜಸ್ಥಾನದ ಒಂದು ಪ್ರಸಂಗವನ್ನು ಹೇಳಬಹುದು. ನ್ಯಾಯಾಧೀಶರು ಲಂಚ ತೆಗೆದುಕೊಳ್ಳುವರೆಂದೂ 10,000 ರೂಪಾಯಿಗಳನ್ನು ಕಳುಹಿಸಬೇಕೆಂದೂ ವೃದ್ಧ ವಕೀಲರೊಬ್ಬರು ತಮ್ಮ ಕಕ್ಷಿಗಾರನಿಗೆ ಕಾಗದ ಬರೆದರು. ರಾಜ್ಯ ಪರಿಷತ್ತು ಅವರನ್ನು ಎರಡು ವರ್ಷ ಅಮಾನತಿನಲ್ಲಿಟ್ಟಿತು. ಭಾರತೀಯ ಪರಿಷತ್ತು ಮೊದಲು ಅವರನ್ನು ವೃತ್ತಿಯಿಂದಲೇ ಹೊರಹಾಕಿತು. ಪುನಃ ಪರಿಶೀಲಿಸಿ, ವಯಸ್ಸಾದವರೆಂದು ಮರುಗಿ, ಬರಿಯ ಛೀಮಾರಿಗೆ ಇಳಿಸಿತು. 2001ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಕರುಣೆಯನ್ನು ಒಪ್ಪಲಿಲ್ಲ. ಐವತ್ತು ವರ್ಷದ ಅನುಭವವುಳ್ಳವರು ಕಿರಿಯರಿಗೆ ಮೇಲ್ಪಂಕ್ತಿಯಾಗಬೇಕಾಗಿದ್ದಿತೆಂದು ತಿಳಿದು, ಹೊರಹಾಕಿದ ಆಜ್ಞೆಯನ್ನೇ ಎತ್ತಿಹಿಡಿಯಿತು.

ಫೀಜು ಬಾಕಿಯಿದೆಯೆಂದು ಕಕ್ಷಿಗಾರನ ಕಡತವನ್ನು ಹಿಡಿದಿಟ್ಟುಕೊಳ್ಳುವುದೂ ತಪ್ಪೇ. 2000ದಲ್ಲಿ ಅದೇ ನ್ಯಾಯಾಲಯವು ಹೀಗೆ ತೀರ್ಮಾನಿಸಿತು. ಫೀಜಿಗಾಗಿ ಬೇರೆ ದಾವೆ ಹೂಡಬಹುದು, ಕಾಗದಗಳನ್ನು ಮಾತ್ರ ಕೊಡಲೇಬೇಕು. ಹಿಂದಿನ ವಕೀಲರ ಬೀರುವಿನಲ್ಲಿ ಕ್ರಯಪತ್ರಗಳನ್ನು ಬಿಟ್ಟು ಕೊರಗುತ್ತಿರುವವರು ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಬಳಕೆದಾರರ ನ್ಯಾಯಮಂಡಳಿಗೆ ಹೋಗಬಾರದೇ ಎಂದು ವಾಚಕರು ಕೇಳಬಹುದು. ವೈದ್ಯರ ವಿಷಯದಲ್ಲಿ 1995ರಿಂದ ಆ ದಾರಿ ಸ್ಪಷ್ಟವಾಗಿದೆ. ವಕೀಲರ ಸೇವೆಯು ಆ ಕಾಯಿದೆಯೊಳಗೆ ಬಾರದೆಂದು 2024ರ ಮೇ ತಿಂಗಳಲ್ಲಿ ತೀರ್ಪಾಯಿತು. ಆದಕಾರಣ ಪರಿಷತ್ತಿನ ಬಾಗಿಲಿಗೆ ಈಗ ಹೆಚ್ಚಿನ ಮಹತ್ವ ಬಂದಿದೆ. ಆದರೆ ಪರಿಷತ್ತು ಇರುವುದು ಶಿಕ್ಷಿಸುವುದಕ್ಕೆ. ಕಳೆದ ಹಣಕ್ಕೆ ಸಿವಿಲ್ ದಾವೆಯನ್ನೂ, ಮೋಸಕ್ಕೆ ಪೋಲೀಸರನ್ನೂ ಆಶ್ರಯಿಸಬೇಕು.

ಸಮಿತಿಯ ಮೂವರೂ ವಕೀಲರೇ ಎಂಬುದು ನಮಗೆ ಅಷ್ಟು ಸಮಾಧಾನದ ಸಂಗತಿಯಲ್ಲ. ಲೆಕ್ಕಪರಿಶೋಧಕರ ಶಿಸ್ತುಸಮಿತಿಯಲ್ಲಿ 2006ರ ತಿದ್ದುಪಡಿಯಿಂದ ಸರ್ಕಾರವು ನೇಮಿಸಿದವರೂ ಕುಳಿತುಕೊಳ್ಳುವರು. ಇಲ್ಲಿಯೂ ಹೊರಗಿನವರೊಬ್ಬರಿದ್ದರೆ ಮಾಗಡಿಯ ರೈತನಿಗೆ ಅಷ್ಟು ಧೈರ್ಯ ಬಂದೀತು. ಒಂದು ನಿಯಮವನ್ನು ಮಾತ್ರ ಮೆಚ್ಚಬೇಕು: ದೂರು ಕೊಟ್ಟವನು ಹಣಕ್ಕೋ ಹೆದರಿಕೆಗೋ ಒಳಗಾಗಿ ಅದನ್ನು ಹಿಂದಕ್ಕೆ ತೆಗೆದುಕೊಂಡರೂ, ಅಷ್ಟರಿಂದಲೇ ವಿಚಾರಣೆಯನ್ನು ಕೈಬಿಡುವಂತಿಲ್ಲ.

ದೂರು ಬರೆಯುವವರು ವಕೀಲರ ಹೆಸರು, ವಿಳಾಸ, ತಿಳಿದಿದ್ದರೆ ನೋಂದಣಿ ಸಂಖ್ಯೆ, ಹಣ ಕೊಟ್ಟ ತಾರೀಖು, ವಕಾಲತ್ತಿನ ನಕಲು ಇವನ್ನೆಲ್ಲ ಸೇರಿಸಿ, ಹೇಳಿದುದು ನಿಜವೆಂದು ಸಹಿ ಮಾಡಿ, ಗೊತ್ತುಪಡಿಸಿದ ಶುಲ್ಕದೊಡನೆ ಸಲ್ಲಿಸಬೇಕು. ರಸೀತಿಯಿಲ್ಲದೆ ಕೈಯಿಂದ ಕೈಗೆ ಕೊಟ್ಟ ಹಣವನ್ನು ಸ್ಥಾಪಿಸುವುದು ಕಷ್ಟ. ಮೊಕದ್ದಮೆ ಸೋತಿತೆಂಬುದೊಂದೇ ಕಾರಣವಾದರೆ ದೂರು ನಿಲ್ಲುವುದಿಲ್ಲ.